ಒಂದೇ ಸೂಜಿಗೆ ಎರಡು ಚೀಟಿ

"ನಿಮ್ಮ ಎರಡನೇ ಜಾತಿ ಇಲ್ಲವೇ ಇಲ್ಲ, ಮೇಡಂ."

ಮ್ಯೂಸಿಯಂನ ಕೀಟಗಳ ಕೋಣೆಗೆ ಬಂದ ಕಾಲೇಜು ಮೇಷ್ಟ್ರು ನಮಸ್ಕಾರಕ್ಕೂ ಮುಂಚೆ ಆಡಿದ ಮಾತಿದು. ಎಲೆ ಉದುರುವ ಕಾಡಿನಲ್ಲಿ ಬೇರೆ ಹುಳುಗಳನ್ನು ಹಿಡಿದು ತಿನ್ನುವ ದರೋಡೆ ನೊಣಗಳ ಮೇಲೆ ಮ್ಯೂಸಿಯಂನ ಸಂಶೋಧಕಿಯಾದ ಅವಳು ಐದು ವರ್ಷ ಕಣ್ಣು ಸವೆಸಿದ್ದಳು. ಎರಡು ಹೊಸ ಜಾತಿ: ಹೊಳೆಬದಿಯ ಕಪ್ಪು, ಗುಡ್ಡದ ಬೂದು. ಸೋಮವಾರ ಪ್ರಬಂಧ ಅಚ್ಚಿಗೆ.

"ಕಪ್ಪಲ್ಲಿ ಒಂದೂ ಹೆಣ್ಣಿಲ್ಲ, ಬೂದಲ್ಲಿ ಒಂದೂ ಗಂಡಿಲ್ಲ. ಅನುಮಾನ ಬರ್ಲಿಲ್ವಾ? ಕಪ್ಪು ಗಂಡು, ಬೂದು ಹೆಣ್ಣು, ಎರಡೂ ಒಂದೇ ಜಾತಿ. ಜೋಡಿಯಾಗಿದ್ದನ್ನ ನಾನೇ ನೋಡಿದೀನಿ."

ಅವಳಿಗೆ ಅನುಮಾನ ಬಂದಿತ್ತು. ನುಂಗಿಕೊಂಡಿದ್ದಳು.

"ಹಿಡಿದ್ರಾ?"

"ತಪ್ಪಿಸ್ಕೊಂಡ್ವು."

"ಹಾಗಾದ್ರೆ ಕಥೆ ಹೇಳೋಕೆ ಬಂದ್ರಾ? ನಡೀರಿ, ತೋರ್ಸಿ."

ಇಬ್ಬರೂ ಕಾಡಿನಲ್ಲಿ ಮೂರು ದಿನ ಒಣಗಿದೆಲೆ ತುಳಿದು ತಿರುಗಿದರು.

"ಮೆಲ್ಲಗೆ ನಡೀರಿ. ಆನೆ ಬಂದ ಹಾಗಿದೆ," ಅಂದ ಮೇಷ್ಟ್ರು.

"ನೀವು ಬಾಯಿ ಮುಚ್ಚಿದ್ರೆ ನನ್ನ ಕಾಲೂ ಸುಮ್ಮನಿರುತ್ತೆ."

ಅವಳು ಬಗ್ಗಿದಾಗ ಮುಳ್ಳಿನ ಕೊಂಬೆಯನ್ನು ಅವನು ಎತ್ತಿ ಹಿಡಿದ. ಅವನ ಮಣಿಕಟ್ಟಿನಲ್ಲಿ ರಕ್ತದ ಗೀರು ಕಂಡಿತು. ಕನಿಕರ ಬಂತಲ್ಲಾ ಎಂದು ಅವಳಿಗೆ ಇನ್ನಷ್ಟು ಉರಿಯಿತು.

ಮೂರನೇ ಮಧ್ಯಾಹ್ನ, ಬಿಸಿಲು ಬಿದ್ದ ಒಣಕಡ್ಡಿಯ ಮೇಲೆ ಬಾಲಕ್ಕೆ ಬಾಲ ಸೇರಿಸಿ ಕೂತಿದ್ದವು: ಒಂದು ಕಪ್ಪು, ಒಂದು ಬೂದು.

ಅವನ ಬಲೆ ಮುಳ್ಳಿಗೆ ಸಿಕ್ಕಿತ್ತು. ಉಳಿದದ್ದು ಅವಳದೊಂದೇ. ಒಂದು ಕೆಮ್ಮು ಸಾಕು, ಜೋಡಿ ಹಾರುತ್ತದೆ. ಐದು ವರ್ಷದ ಕೆಲಸ ಉಳಿಯುತ್ತದೆ. ಅವನು ನೊಣ ನೋಡುತ್ತಿರಲಿಲ್ಲ, ಅವಳನ್ನು ನೋಡುತ್ತಿದ್ದ. ಆ ಕಣ್ಣಲ್ಲಿ ಗೆದ್ದ ಜಂಬವಿರಲಿಲ್ಲ. ಅದೊಂದಿದ್ದಿದ್ದರೆ ಕೆಮ್ಮಿಬಿಡುತ್ತಿದ್ದಳು.

ಬಲೆ ಬೀಸಿದಳು.

ಸಿಕ್ಕ ಜೋಡಿಯೊಂದಿಗೆ ಕೋಣೆಗೆ ಮರಳಿ ಬೂದು ನೊಣಗಳ ಪೆಟ್ಟಿಗೆ ತೆರೆದಳು. ನೊಣವನ್ನು ಚುಚ್ಚಿಟ್ಟ ಸೂಜಿಯಲ್ಲಿದ್ದ ಹಳೆಯ ಹೆಸರಿನ ಚೀಟಿಗೆ ಅವನು ಕೈ ಹಾಕಿದ.

"ಮುಟ್ಟಬೇಡಿ! ಹಳೇ ಚೀಟಿ ತೆಗೆಯೋ ಹಾಗಿಲ್ಲ. ತಪ್ಪೂ ಸೂಜೀಲೇ ಇರ್ಬೇಕು. ಸರಿಯಾದ್ದು ಅದರ ಕೆಳಗೆ."

"ಕಾಡಲ್ಲಿ ನಾನು ನಿಮ್ಮನ್ನ ಆನೆ ಅಂದಿದ್ದೂ ಉಳೀಬೇಕಾ?"

"ಅದೂ."

ಹೊಸ ಚೀಟಿಯಲ್ಲಿ 'ಗುರುತಿಸಿದವರು' ಎಂದು ಬರೆದು ತನ್ನ ಹೆಸರು ಹಾಕಿದಳು. ಪೆನ್ನನ್ನು ಅವನತ್ತ ತಳ್ಳಿದಳು. "ಜಾಗ ಕಮ್ಮಿ. ಸಣ್ಣಕ್ಷರದಲ್ಲಿ ಬರೀರಿ."

ಅವನು ಬರೆಯಲಿಲ್ಲ. "ಇನ್ನೊಂದು ತಪ್ಪಿದೆ, ಮೇಡಂ. ಅವು ಬಂದು ಕೂರೋ ಆ ಕಡ್ಡಿ ಇರೋ ಜಾಗ ನಂಗೆ ಮೊದಲ್ನೇ ದಿನವೇ ಗೊತ್ತಿತ್ತು. ಬೇಕಂತ್ಲೇ ಸುತ್ತಾಡ್ಸಿದೆ."

"ಮೂರು ದಿನ? ಯಾಕೆ?"

"ಜೋಡಿ ಸಿಕ್ಕಿದ್ರೆ ನೀವು ಹೊರಟುಬಿಡ್ತಿದ್ರಿ."

ಅವಳ ಕಿವಿ ಕೆಂಪಾಯಿತು. ಸಿಟ್ಟಿಗೋ ಏನೋ, ದೇವರೇ ಬಲ್ಲ.

"ಅದನ್ನೂ ಚೀಟೀಲಿ ಬರೀರಿ."

"ಜಾಗ ಸಾಲಲ್ಲ."

ಅವಳು ಪೆಟ್ಟಿಗೆಯನ್ನು ಅವನ ಮುಂದೆ ಸರಿಸಿ ಕುರ್ಚಿ ಎಳೆದಳು. "ಇನ್ನೂ ನಲವತ್ತು ನೊಣಕ್ಕೆ ಚೀಟಿ ಬರೀಬೇಕು. ಕೂತ್ಕೊಳ್ಳಿ."