ಹತ್ತು ಹೆಜ್ಜೆ ಜಾಗ

"ಆ ಗೂಟ ಕೀಳ್ರೀ! ಈಗಲೇ ಕೀಳ್ರೀ!"

ಕೈಯಲ್ಲಿದ್ದ ನೀರಿನ ಪೈಪ್ ಬಿಸಾಡಿ ಅವಳು ಓಡಿಬಂದ ರಭಸಕ್ಕೆ, ಸುತ್ತಿಗೆ ಎತ್ತಿದ್ದವನ ಕೈ ಹಾಗೇ ಗಾಳಿಯಲ್ಲಿ ನಿಂತಿತು. ಬಿದ್ದ ಪೈಪಿನಿಂದ ನೀರು ಚಿಮ್ಮಿ ಅವನ ಪ್ಯಾಂಟು ಮೊಣಕಾಲಿನವರೆಗೂ ಒದ್ದೆ!

"ಮೇಡಂ, ನಾನು ರೈಲ್ವೆ ಸರ್ವೆ..."

"ಮೇಡಂ ಅಲ್ಲ, ಮಾಲಿ! ಈ ಪಾರ್ಕಿನ ಮಾಲಿ. ನೀವು ಗೂಟ ಹೊಡೀತಿರೋದು ನನ್ನ ಸಸಿಗಳ ಮೇಲೆ. ನಿನ್ನೆ ತಾನೇ ಮೊಳಕೆ ಬಂದಿತ್ತು."

ಅವನು ಬಗ್ಗಿ ನೋಡಿದ. ಮುಖ ಸಣ್ಣದಾಯಿತು.

"ಕಾಣಿಸಲಿಲ್ಲ. ತಪ್ಪಾಯ್ತು."

ಟೊಂಕ ಕಟ್ಟಿ ಜಗಳಕ್ಕೆ ನಿಂತವಳಿಗೆ ಎದುರಿನವನು ಹೀಗೆ ತಕ್ಷಣ ತಪ್ಪಾಯ್ತು ಅಂದುಬಿಟ್ಟರೆ ಮುಂದೇನು ಮಾಡಬೇಕು? ಹೋಗಿ ಬಿದ್ದ ಪೈಪ್ ಎತ್ತಿಕೊಂಡಳು.

ಪಾರ್ಕಿನ ಪೂರ್ವದ ಬೇಲಿಯಾಚೆ ರೈಲು ಹಳಿ. ಬೆಳಿಗ್ಗೆ ಸಂಜೆ ಕೆಲಸಕ್ಕೆ ಹೋಗುವವರು ಬಾಗಿಲಲ್ಲಿ ನೇತಾಡಿಕೊಂಡೇ ಹೋಗುತ್ತಾರೆ. ಅದಕ್ಕೇ ಇನ್ನೆರಡು ಹಳಿ ಬೇಕಂತೆ. ಕೆಂಪು ಬಟ್ಟೆ ಕಟ್ಟಿದ ಗೂಟಗಳ ಸಾಲಿನಿಂದ ಆಚೆಗಿರುವುದೆಲ್ಲ ರೈಲಿಗೆ. ಅವಳ ಸಸಿ ಮಡಿ, ಹನ್ನೊಂದು ಮರ... ಜೊತೆಗೆ ಬೆಂಚಿರುವ ಆ ದೊಡ್ಡ ಮರ.

ಹನ್ನೊಂದು ಮರಕ್ಕಿಂತ ಆ ಒಂದು ಮರದ ಚಿಂತೆಯೇ ಅವಳಿಗೆ ಹೆಚ್ಚು. ಯಾಕೆ ಗೊತ್ತಾ?

ಅವಳ ಅಪ್ಪನೂ ಇದೇ ಪಾರ್ಕಿನ ಮಾಲಿಯಾಗಿದ್ದವರು. ಎರಡು ವರ್ಷದ ಹಿಂದೆ ಕಣ್ಣು ಪೂರ್ತಿ ಹೋಯಿತು. ಪಾರ್ಕಿನ ಗೇಟಿನ ಹಿಂದೆಯೇ ಇವರ ಎರಡು ಕೋಣೆಯ ಮನೆ. ಗೇಟಿನಿಂದ ಆ ಬೆಂಚಿಗೆ ನೂರ ನಲವತ್ತು ಹೆಜ್ಜೆ. ಬೆಳಿಗ್ಗೆ ಹತ್ತಕ್ಕೆ ಕೋಲು ಹಿಡಿದು, ಎಣಿಸಿಕೊಂಡು, ಅಷ್ಟು ದೂರ ಅವರೊಬ್ಬರೇ ನಡೆಯುತ್ತಾರೆ. ಮಗಳು ಕೈ ಹಿಡಿಯಲು ಹೋದರೆ ಕೊಡವಿಬಿಡುತ್ತಾರೆ! ಆ ಬೆಂಚೊಂದು ಇಲ್ಲವಾದರೆ ಅಪ್ಪ ಮಂಚ ಬಿಟ್ಟು ಏಳುವುದಿಲ್ಲ. ಅದು ಅವಳಿಗೆ ಖಂಡಿತ ಗೊತ್ತಿತ್ತು.

ಅದಕ್ಕೇ ಅಪ್ಪನಿಗೆ ವಿಷಯ ಹೇಳಲೇ ಇಲ್ಲ.

ಆ ಸಂಜೆ ಸಸಿ ಮಡಿಯ ಹತ್ತಿರ ಹೋದವಳಿಗೆ ಆಶ್ಚರ್ಯ. ಗೂಟದ ಸುತ್ತಲಿನ ಮೊಳಕೆಗಳನ್ನೆಲ್ಲ ಯಾರೋ ಬೇರಿನ ಮಣ್ಣು ಸಮೇತ ಎತ್ತಿ, ಹಳೇ ಡಬ್ಬಿಗಳಲ್ಲಿ ಸಾಲಾಗಿ ಇಟ್ಟಿದ್ದರು. ನೀರೂ ಹಾಕಿದ್ದರು. ಎಣಿಸಿದಳು. ಒಂದು ಸಸಿ ಕಡಿಮೆಯಿತ್ತು.

'ಆ ಗೂಟದವನೇ ಇರಬೇಕು... ಕಡಿಯೋಕೆ ಬಂದವನಿಗೆ ಇದೆಲ್ಲ ಯಾಕೆ?'

ಮರುದಿನ ಅವನು ದೊಡ್ಡ ಮರದ ಕೆಳಗೆ ಕತ್ತೆತ್ತಿ ನಿಂತಿದ್ದ.

"ಒಂದು ಮಾತು ಕೇಳ್ಲಾ? ಈ ಮರಕ್ಕೆ ಎಷ್ಟು ಜಾಗ ಬೇಕು?"

"ಯಾಕೆ, ಕಡಿದ ಮೇಲೆ ದಿಮ್ಮಿ ಜೋಡಿಸೋಕಾ?"

ಅವನು ಏನೋ ಹೇಳಹೊರಟವನು ನುಂಗಿಕೊಂಡ. "ಈಗಲೇ ಏನೂ ಹೇಳೋ ಹಾಗಿಲ್ಲ," ಅಂದು ತಲೆ ಕೆರೆದುಕೊಂಡು ಹೋದ. ಅವನ ಕಣ್ಣಲ್ಲಿ ಕಂಡದ್ದು ಕನಿಕರವೋ ನಾಟಕವೋ... ಅವಳಿಗೆ ಅರ್ಥವಾಗಲಿಲ್ಲ. ಇಡೀ ದಿನ ಅದನ್ನೇ ಯೋಚಿಸಿದ್ದು ಮಾತ್ರ ಯಾಕೋ!

ಮಾರನೆಯ ಬೆಳಗ್ಗೆ ಬೇಗ ಬಂದು, ಅತ್ತಿತ್ತ ನೋಡಿ, ಬೆಂಚಿನ ಪಕ್ಕದ ಗೂಟ ಕಿತ್ತಳು. ಹಿಂದೆ ಅಪ್ಪ ಹೇಳಿಕೊಟ್ಟಿದ್ದಂತೆ ಕೊಂಬೆಯ ತುದಿ ನೋಡಿ, ಬೇರು ಎಲ್ಲಿಯವರೆಗೆ ಹೋಗಿರಬಹುದೆಂದು ಅಂದಾಜು ಮಾಡಿ, ಹಳಿಯ ಕಡೆಗೆ ಸರಿಯಾಗಿ ಹತ್ತು ಹೆಜ್ಜೆ ಇಟ್ಟು ಅಲ್ಲಿ ನೆಟ್ಟಳು. ಈಗ ಮರ ಪಾರ್ಕಿನೊಳಗೆ!

ಸಲಕರಣೆ ಇಡುವ ಶೆಡ್ಡಿನ ಮರೆಯಿಂದ ನೋಡುತ್ತಿದ್ದಳು. ಅವನು ಬಂದ. ಖಾಲಿ ಗುಣಿ ನೋಡಿದ. ಅಲ್ಲಿಂದ ಗೂಟದವರೆಗೆ ಹೆಜ್ಜೆ ಎಣಿಸಿದ. ಪುಸ್ತಕದಲ್ಲಿ ಏನೋ ಬರೆದುಕೊಂಡು, ಗೂಟ ಮುಟ್ಟದೆ ಹೊರಟುಹೋದ. ಹೋಗುವಾಗ ಶೆಡ್ಡಿನ ಕಡೆ ತಿರುಗಿ ನಕ್ಕನೇ?

ಮಧ್ಯಾಹ್ನ ಬಂದು ನೋಡಿದರೆ ಗೂಟ ಮತ್ತೆ ಹಳೆಯ ಜಾಗದಲ್ಲಿ!

ಮರುದಿನ ಮತ್ತೆ ಸರಿಸಿದಳು. ಮಧ್ಯಾಹ್ನಕ್ಕೆ ವಾಪಸ್. ಮೂರನೆಯ ದಿನವೂ ಅದೇ ಕಥೆ. ಅವನೋ, ದಿನಾ ಎದುರು ಸಿಕ್ಕಾಗ ನಗುತ್ತಿದ್ದ. ಆ ನಗು ಕಂಡರೆ ಮೈಯೆಲ್ಲ ಉರಿ. ಆ ನಗು ಒಂದು ಹೊತ್ತು ಕಾಣದಿದ್ದರೆ ಇನ್ನೂ ಉರಿ. ತಲೆ ಪೂರ್ತಿ ಕೆಟ್ಟುಹೋಗಿತ್ತು ಹುಡುಗಿಗೆ.

ನಾಲ್ಕನೆಯ ದಿನ ಅವನು ಸುರುಳಿ ಸುತ್ತಿದ ನಕ್ಷೆ ಹಿಡಿದು, ಮುಖ ಅರಳಿಸಿಕೊಂಡು ಬಂದ. "ನಿಮಗೆ ಒಂದು ವಿಷಯ ಹೇಳಬೇಕು..."

"ಬೇಡ! ಎದುರಿಗೆ ನಗೋದು, ಬೆನ್ನ ಹಿಂದೆ ಗೂಟ ಹೊಡೆಯೋದು! ನಾಚಿಕೆ ಆಗಲ್ವಾ ನಿಮಗೆ?"

"ಅಯ್ಯೋ, ಆ ಗೂಟ ನಾನು ಮುಟ್ಟೇ ಇಲ್ಲ!"

"ಹಾಗಾದ್ರೆ ಅದೇನು ಕಾಲು ಬಂದು ನಡೀತಾ? ಇನ್ನು ನನಗೆ ಮುಖ ತೋರಿಸಬೇಡಿ."

ಅವನು ನಕ್ಷೆಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ನಡೆದುಬಿಟ್ಟ.

ಐದು ದಿನ ಅವನು ಕಾಣಲೇ ಇಲ್ಲ. ಗೂಟ ಮಾತ್ರ ದಿನಾ ಮಧ್ಯಾಹ್ನಕ್ಕೆ ವಾಪಸ್; ಕದ್ದು ಬಂದು ಹೋಗುತ್ತಾನೆ, ಮುಖ ತೋರಿಸೋ ಧೈರ್ಯವಿಲ್ಲ. ಗೆದ್ದೆ ಅಂದುಕೊಂಡಳು. ಗೆದ್ದವಳಿಗೆ ಊಟ ಯಾಕೆ ಸೇರುತ್ತಿಲ್ಲ? ಗೇಟಿನ ಸದ್ದಾದಾಗಲೆಲ್ಲ ಕತ್ತು ಯಾಕೆ ಹೊರಳುತ್ತದೆ?

ಆರನೆಯ ದಿನವೂ ಬೆಳಗ್ಗೆ ಗೂಟ ಸರಿಸಿ ಬಂದಳು. ಹತ್ತು ಗಂಟೆಗೆ ಗುಲಾಬಿ ಗಿಡದ ರೆಂಬೆ ಕತ್ತರಿಸುತ್ತಿದ್ದವಳ ಕಣ್ಣಿಗೆ ಅಪ್ಪ ಬಿದ್ದರು. ಕೋಲಿನಿಂದ ನೆಲ ತಡಕುತ್ತಾ, ಗೊಣಗುತ್ತಾ, ಬೆಂಚು ದಾಟಿ ಹಳಿಯ ಕಡೆ ನಡೆದರು. ಕೋಲಿಗೆ ಗೂಟ ಟಕ್ಕೆಂದಿತು. ಅದನ್ನು ಅಲ್ಲಾಡಿಸಿ ಕಿತ್ತು, ವಾಪಸ್ ಬಂದು, ಕೈಯಲ್ಲಿ ತಡಕಿ ಹಳೇ ಗುಣಿಗೆ ಇಳಿಸಿ, ಕಲ್ಲಿನಿಂದ ಬಡಿದರು!

"ಅಪ್ಪಾ! ಏನು ಮಾಡ್ತಿದೀಯ?"

"ಬಾ ಮಗಳೇ, ನೋಡು. ಯಾವನೋ ದಿನಾ ನನ್ನ ಗೂಟ ಕಿತ್ತು ಆಚೆ ನೆಡ್ತಾನೆ. ಗೂಟ ಸಿಕ್ಕಿದ್ರೆ ಬಲಕ್ಕೆ ಮೂರೇ ಹೆಜ್ಜೆ, ಬೆಂಚು. ಎಣಿಸೋ ತಾಪತ್ರಯಾನೇ ಇಲ್ಲ. ಯಾವ ಪುಣ್ಯಾತ್ಮ ನೆಟ್ಟನೋ!"

ಅವಳು ಅಪ್ಪನ ಕೈಯಿಂದ ಕಲ್ಲು ತೆಗೆದುಕೊಂಡಳು. ನಗು ಬಂತು, ಅಳುವೂ ಬಂತು. ಎಲ್ಲವನ್ನೂ ಹೇಳಿದಳು. ರೈಲು, ಮರ, ಬೈದದ್ದು...

ಅಪ್ಪ ತುಂಬ ಹೊತ್ತು ಮರದ ತೊಗಟೆ ಸವರುತ್ತಿದ್ದರು. ಆಮೇಲೆ ಕೇಳಿದರು, "ಮರದ ವಿಷಯ ಆಮೇಲೆ. ಏನೂ ಮಾಡದೆ ಬೈಸಿಕೊಂಡನಲ್ಲ, ಅವನೆಲ್ಲಿ?"

ಅವಳು ಓಡಿದಳು. ರೈಲು ನಿಲ್ದಾಣದ ಪಕ್ಕದ ತಗಡಿನ ಆಫೀಸಿನಲ್ಲಿ ಅವನು ಕಾಗದಗಳ ರಾಶಿಯ ಮಧ್ಯೆ ಕುಳಿತಿದ್ದ. ಕಿಟಕಿಯಲ್ಲಿ ಒಂದು ಡಬ್ಬಿ. ಅದರಲ್ಲಿ ನಾಲ್ಕೆಲೆ ಬಿಟ್ಟ ಸಸಿ. ಅವಳದೇ.

"ಗೂಟ ದಿನಾ ವಾಪಸ್ ತಂದಿಡ್ತಿದ್ದದ್ದು ನಮ್ಮಪ್ಪ," ಒಂದೇ ಉಸಿರಿಗೆ ಹೇಳಿದಳು. "ಸರಿಸಿದ್ದು ನಾನು. ನಿಮ್ಮದೇನೂ ತಪ್ಪಿಲ್ಲ. ನಾನು... ನಾನು ಬಾಯಿಗೆ ಬಂದ ಹಾಗೆ ಅಂದುಬಿಟ್ಟೆ."

"ಸರಿಸಿದ್ದು ನೀವು ಅಂತ ಮೊದಲ ದಿನವೇ ಗೊತ್ತಿತ್ತು. ಶೆಡ್ಡಿನ ಹಿಂದೆ ನಿಮ್ಮ ಹಳದಿ ಕ್ಯಾಪು ಕಾಣ್ತಿತ್ತು."

"ಮತ್ತೆ ಸುಮ್ಮನಿದ್ರಿ?"

"ಗೂಟ ಬರೀ ಗುರುತು ಅಷ್ಟೆ. ಅಳತೆ ಎಲ್ಲಾ ಯಂತ್ರದಲ್ಲಿರುತ್ತೆ. ನೀವು ಅದನ್ನ ಮನೆಗೆ ತಗೊಂಡು ಹೋದ್ರೂ ರೈಲು ಬರೋ ಕಡೆಯೇ ಬರುತ್ತೆ."

ಅವಳ ಮುಖ ಬಾಡಿತು. 'ಇಷ್ಟು ದಿನ ನಾನು ಮಾಡಿದ್ದೆಲ್ಲ ದಂಡವಾ?'

ಅವನು ನಕ್ಷೆ ಬಿಡಿಸಿದ. "ಎಷ್ಟು ಜಾಗ ಬೇಕು ಅಂತ ಕೇಳಿದ್ದೆ. ನೀವು ಬಾಯಲ್ಲಿ ಹೇಳಲಿಲ್ಲ, ಗೂಟದಲ್ಲಿ ಹೇಳಿದ್ರಿ. ಹತ್ತು ಹೆಜ್ಜೆ! ಆ ಮರ ಇರೋ ಕಡೆ ಮಾತ್ರ, ಹಳಿ ಪಕ್ಕ ಇಳಿಜಾರು ಮಣ್ಣಿನ ದಿಬ್ಬದ ಬದಲು ನೇರ ಗೋಡೆ ಕಟ್ಟಿದ್ರೆ ಅಷ್ಟು ಉಳಿಯುತ್ತೆ. ಮೇಲಿನವರು ಒಪ್ಪೋ ಮೊದಲೇ ಆಸೆ ಹುಟ್ಟಿಸಬಾರದು ಅಂತ ಸುಮ್ಮನಿದ್ದೆ. ನಕ್ಷೆ ಮುಗಿದ ದಿನ ತಡೆಯೋಕಾಗದೆ ಓಡಿಬಂದೆ... ನೀವು ಅಟ್ಟಿಬಿಟ್ರಿ. ಐದು ದಿನ ಅವರ ಬಾಗಿಲು ಕಾದೆ. ನಿನ್ನೆ ಸಹಿ ಆಯ್ತು."

ಅವಳು ನಕ್ಷೆಯ ಮೇಲೆ ಬಗ್ಗಿ ಆ ಸಹಿ ನೋಡಿದಳು.

"ಸಸಿ ಮಡಿ, ಆ ಹನ್ನೊಂದು ಮರ... ಅವೆಲ್ಲ ಉಳಿಸೋಕೆ ಆಗಲಿಲ್ಲ," ಅವನು ತಲೆ ತಗ್ಗಿಸಿದ. "ಅದಕ್ಕೆ ನೀವು ಇನ್ನೂ ಬೈಬಹುದು."

ಬೈಯಬೇಕೋ, ಅಳಬೇಕೋ, ಆ ತಗ್ಗಿದ ತಲೆ ಸವರಬೇಕೋ! ಕಡೆಗೆ ಅವಳು ಮಾಡಿದ್ದು ಒಂದೇ. ಕಿಟಕಿಯ ಸಸಿಯ ಮಣ್ಣು ಮುಟ್ಟಿ ನೋಡಿ, "ನೀರು ಜಾಸ್ತಿ ಹಾಕ್ತಿದೀರಿ," ಅಂದಳು. ಹೇಳುವಾಗ ಕಣ್ಣು ತುಂಬಿತ್ತು.

ಮರುದಿನ ಬೆಳಗ್ಗೆ ಅವನು ಕೆಂಪು ಬಟ್ಟೆಯ ಗೂಟವನ್ನು ಹತ್ತು ಹೆಜ್ಜೆ ಆಚೆಗೆ ಹೊಡೆದ. ಹಳೇ ಗುಣಿಯಲ್ಲಿ, ಬಟ್ಟೆಯಿಲ್ಲದ ಇನ್ನೊಂದು ಗೂಟ ನೆಟ್ಟ. ಅಪ್ಪ ಬಂದರು. ಕೋಲು ಟಕ್ಕೆಂದಿತು. ಬಲಕ್ಕೆ ಮೂರು ಹೆಜ್ಜೆ. ಬೆಂಚಿನ ಒಂದು ತುದಿಯಲ್ಲಿ ಕುಳಿತು, "ಆಹಾ, ಇವತ್ತು ಗೂಟ ಜಾಗದಲ್ಲೇ ಇದೆ!" ಅಂದರು.

ಅವಳು ಅಪ್ಪನ ಪಕ್ಕ ಕುಳಿತಳು. ಆಚೆ ತುದಿಯಲ್ಲಿ ಅವಳ ನೀರಿನ ಕ್ಯಾನಿತ್ತು.

ಅವನು ಸುತ್ತಿಗೆ ಕೆಳಗಿಟ್ಟು, ಧೈರ್ಯ ತಂದುಕೊಂಡು ಕೇಳಿದ, "ಇಲ್ಲಿ... ನನಗೆ ಜಾಗ ಇದೆಯಾ?"

ಅವಳು ಕ್ಯಾನನ್ನು ಎತ್ತಿ ನೆಲಕ್ಕಿಟ್ಟಳು.

"ಎಷ್ಟು ಬೇಕು?"

"ಜೀವನಪೂರ್ತಿ ಕೂರೋವಷ್ಟು."

ಅವಳ ಕೆನ್ನೆ ಕೆಂಪೇರಿತು. ಉತ್ತರ ಹೊರಡುವ ಮೊದಲೇ ಅಪ್ಪ ಕೋಲು ಹಿಡಿದು ಎದ್ದರು.

"ನಾನು ನಡೀತೀನಪ್ಪಾ, ನೂರ ನಲವತ್ತೇ ಹೆಜ್ಜೆ. ಮಗಳೇ, ಹುಡುಗ ನಿಂತೇ ಇದಾನೆ. ಕೂರು ಅನ್ನು!"

"ಕೂತ್ಕೊಳ್ಳಿ..." ಅಂದಳು ಅವಳು, ಇನ್ನೂ ಸ್ವಲ್ಪ ಸರಿದು.