ಜೋಡಿ ಡಿಸ್ಕ್

"ಆ ಖಾತೆಗೆ ಕೈ ಹಚ್ಚಬ್ಯಾಡ್ರಿ."

ಹೇಮಂತ ಕೀಬೋರ್ಡಿನಿಂದ ಬೆರಳು ತೆಗೆದು ತಿರುಗಿ ನೋಡಿದ. ಸರ್ವರ್ ಕೋಣೆಯ ಬಾಗಿಲಲ್ಲಿ ಆಫೀಸಿನ ಕ್ಲಾರ್ಕ್ ಮಹಾನಂದಾ ನಿಂತಿದ್ದಳು.

ಬಮ್ಮಿಗಟ್ಟಿಯ ಹೇಮಂತ ಕುಂದಗೋಳದ ಈ ಶಿಕ್ಷಣ ಸಂಸ್ಥೆಗೆ ಕೆಲಸಕ್ಕೆ ಬಂದು ವಾರವೂ ಆಗಿರಲಿಲ್ಲ. ಸುತ್ತಲಿನ ಹಳ್ಳಿ ಶಾಲೆಗಳ ಮಾಸ್ತರರು, ವಿದ್ಯಾರ್ಥಿಗಳು... ಎಲ್ಲರ ಇಮೇಲ್ ಖಾತೆಗಳೂ ಈ ಒಂದೇ ಸರ್ವರಿನಲ್ಲಿದ್ದವು. ಡಿಸ್ಕ್ ತುಂಬಿ ಮೇಲ್‌ಗಳು ವಾಪಸ್ ಹೋಗುತ್ತಿದ್ದವು. ಯಾವ ಖಾತೆಗಳು ಬಳಕೆಯಲ್ಲಿಲ್ಲ ಎಂದು ಹುಡುಕುವಾಗ ಸಂಗನಬಸವ ಎಂಬ ಹೆಸರು ಸಿಕ್ಕಿತ್ತು.

"ಇದನ್ನ ಯಾರೂ ತೆರೆಯೂದಿಲ್ರಿ. ಆದ್ರ ದಿನಾ ಮುಂಜಾನೆ ಒಂದು ಮೇಲ್ ಬರತೈತಿ."

"ನಾನ ಕಳಸ್ತೇನಿ. ಅವರು ನನ್ನ ಯಜಮಾನ್ರು. ಹೋಗಿ ಎರಡು ವರ್ಷ ಆತು."

ಹೇಮಂತ ತೆರೆದಿದ್ದ ಪಟ್ಟಿಯನ್ನು ಮುಚ್ಚಿದ.

ಈ ಸರ್ವರ್ ಕಟ್ಟಿದವನೇ ಸಂಗನಬಸವ. ಮಹಡಿಯ ಮೇಲಿನ ಲ್ಯಾಬಿನಿಂದ ಕೆಳಗಿನ ಆಫೀಸಿಗೆ, ಹೆಂಡತಿಗೆ, ದಿನವೂ ಒಂದೇ ಸಾಲು ಬರೆಯುತ್ತಿದ್ದ. 'ಡಬ್ಬಿಯೊಳಗ ಏನೈತಿ?' ಊಟಕ್ಕೆ ಏನು ಮಾಡಿದ್ದಾಳೆಂದು ಅವಳು ಉತ್ತರ ಕಳಿಸುತ್ತಿದ್ದಳು. ಅವನು ಹೋದ ಮೇಲೂ ಅವಳಿಗೆ ಆ ಅಭ್ಯಾಸ ಬಿಡಲಾಗಲಿಲ್ಲ. ಎಣ್ಣೆಗಾಯಿ... ಪುಂಡಿಪಲ್ಲೆ... ಇವತ್ತು ಏನೂ ಮಾಡಲಿಲ್ಲ...

ಮರುದಿನ ಕಾರ್ಯದರ್ಶಿ ಮಡಿವಾಳೆಪ್ಪನವರು ಇಬ್ಬರನ್ನೂ ಕರೆದರು.

"ಒಂದು ದೊಡ್ಡ ಡಿಸ್ಕ್ ತರೂಣೋ, ಎರಡು ಸಣ್ಣವೋ?"

"ದೊಡ್ಡದ ತರಸ್ರಿ. ಎಲ್ಲಾ ಹಿಡೀತೈತಿ," ಎಂದಳು ಮಹಾನಂದಾ.

"ಎರಡು ತರೂಣ್ರಿ," ಎಂದ ಹೇಮಂತ. "ಬಂದ ಮೇಲ್ ಎರಡರಾಗೂ ಒಂದೊಂದು ನಕಲು ಕೂಡಿಕೊಂತ ಹೋಗತೈತಿ. ಒಂದು ಕೆಟ್ರೂ ಇನ್ನೊಂದು ಕಾಯ್ತೈತಿ. ಜಾಗ ಮಾತ್ರ ಕಡಿಮಿ. ಹಳೇದು ಒಂದಿಷ್ಟು ತೆಗೀಬೇಕಾಗತೈತ್ರಿ."

ಅವಳಿಗೆ ಕೇಳಿಸಿದ್ದು ಕೊನೆಯ ಮಾತೊಂದೇ. ಸರಕ್ಕನೆ ಎದ್ದು ಹೊರಗೆ ನಡೆದಳು. ಅವನು ಹಿಂದೆಯೇ ಬಂದ.

"ಮಹಾನಂದಾ ಅವರ, ಸ್ವಲ್ಪ ಕೇಳ್ರಿ..."

"ಸತ್ತವರ ಜಾಗಾನೂ ಬೇಕಾತೇನ್ರಿ ನಿಮಗ?"

ಅವನು ಅಲ್ಲೇ ನಿಂತುಬಿಟ್ಟ. ಅವಳು ಇನ್ನೊಂದು ಮಾತು ಕೇಳಿದ್ದರೆ ಮುಂದಿನ ಅಷ್ಟು ದಿನದ ಸಂಕಟ ತಪ್ಪುತ್ತಿತ್ತು. ಆದರೆ ಎದೆ ಸುಡುವಾಗ ಪೂರ್ತಿ ಮಾತು ಕೇಳುವ ತಾಳ್ಮೆ ಯಾರಿಗಿರುತ್ತದೆ, ಪಾಪ.

ಜೋಡಿ ಡಿಸ್ಕ್‌ಗಳು ಬಂದವು. ಅಂದಿನಿಂದ ಅವಳು ಮೇಲ್ ಕಳಿಸುವುದನ್ನೇ ಬಿಟ್ಟಳು. ಅಂಥ ಖಾತೆಯೇ ಇಲ್ಲ ಎಂದು ಅದು ವಾಪಸ್ ಬಂದರೆ? ಅವರು ಎರಡನೇ ಸಲ ಸತ್ತ ಹಾಗಾಗುತ್ತದೆ... ಹೇಮಂತ ಎದುರು ಬಂದರೆ ಮುಖ ತಿರುಗಿಸುತ್ತಿದ್ದಳು. ಅವನು ತಲೆ ತಗ್ಗಿಸಿ ದಾಟಿ ಹೋಗುತ್ತಿದ್ದ. ಅವಳ ಊಟದ ಡಬ್ಬಿ ತೆರೆಯದೆ ಹಾಗೇ ಮನೆಗೆ ಮರಳುತ್ತಿತ್ತು.

ಬೇಸಿಗೆಯಲ್ಲಿ ಕರೆಂಟು ಹೋಗಿ ಬಂದು ಮಾಡಿ, ಒಂದು ಡಿಸ್ಕ್ ಸುಟ್ಟುಹೋಯಿತು.

"ಎಲ್ಲಾರ ಖಾತೆ ಅದಾವೋ ಇಲ್ಲೋ, ಹೋಗಿ ನೋಡವಾ," ಎಂದು ಮಡಿವಾಳೆಪ್ಪನವರು ಅವಳನ್ನು ಸರ್ವರ್ ಕೋಣೆಗೆ ಕಳಿಸಿದರು.

ಹೇಮಂತ ಕುರ್ಚಿ ಬಿಟ್ಟುಕೊಟ್ಟ. ಹೆಸರುಗಳನ್ನು ನೋಡುತ್ತ ಬಂದವಳು ಒಂದು ಕಡೆ ನಿಂತಳು.

"ಸಂಗನಬಸವ... ಇನ್ನೂ ಐತಿ?"

"ಯಾರ ಖಾತೇನೂ ತೆಗೆದಿಲ್ರಿ. ಶಾಲಿ ವಾರ್ಷಿಕೋತ್ಸವದ ಗ್ಯಾದರಿಂಗಿನ ದೊಡ್ಡ ದೊಡ್ಡ ವಿಡಿಯೋ ಅಷ್ಟ ತೆಗೆದು ಬ್ಯಾರೆ ಕಡೆ ಇಟ್ಟೇನಿ. ನಿಮ್ಮ ಮೇಲ್ ಎಲ್ಲಾ ಕೂಡಿದ್ರೂ ಅಂಥಾ ಒಂದು ವಿಡಿಯೋದಷ್ಟು ಆಗೂದಿಲ್ಲ. ಅವತ್ತ ಅದನ್ನ ಹೇಳಾಕ ಬಂದಿದ್ದೆ."

ತಾನು ಕೇಳಿದ್ದ ಒಂದೇ ದೊಡ್ಡ ಡಿಸ್ಕ್ ಬಂದಿದ್ದರೆ ಇವತ್ತು ಎಲ್ಲವೂ ಹೋಗುತ್ತಿತ್ತು. ಅದು ಹೊಳೆದದ್ದೇ ಅವಳು ಸೆರಗು ಬಾಯಿಗಿಟ್ಟು ಅತ್ತಳು.

"ಎರಡು ಬೇಕಂತ ಯಾಕ ಅಷ್ಟು ಹಟ ಹಿಡದ್ರಿ?"

"ತೀರಿಹೋದ ನಮ್ಮವ್ವನ ಧ್ವನಿ ನನ್ನ ಫೋನಿನಾಗ ಇತ್ತು. ಅದೊಂದರಾಗ. ಫೋನ್ ಕೆಟ್ಟು ಹೋತು..." ಅವನು ಸುಟ್ಟ ಡಿಸ್ಕನ್ನು ಮೇಜಿನ ಮೇಲಿಟ್ಟ. "ನಿಮಗ ಹಂಗ ಆಗಬಾರದು ಅನಸ್ತು. ದಿನಾ ನಿಮ್ಮ ಸಂಕಟ ನೋಡಿಕೊಂತ ನೀವಂದ್ರ ನನಗ ಜೀವ ಅನಸಾಕ ಹತ್ತೈತ್ರಿ. ಸಿಟ್ಟಿಗೆದ್ರೂ ಅಡ್ಡಿಯಿಲ್ಲ, ಹೇಳಿಬಿಟ್ಟೆ."

ಅವಳು ಸಿಟ್ಟಾಗಲಿಲ್ಲ. ಹೊಸ ಡಿಸ್ಕ್ ಕೂಡಿಸಿ ಇಬ್ಬರೂ ಕೂತರು. ಉಳಿದಿದ್ದ ಡಿಸ್ಕಿನಿಂದ ಎಲ್ಲವೂ ನಿಧಾನವಾಗಿ ಇದಕ್ಕೆ ಬರುತ್ತಿತ್ತು. ಪರದೆಯ ಮೇಲೆ ಕಣ್ಣಿಟ್ಟೇ ಅವಳು ಕೇಳಿದಳು.

"ಹೊಸಾದು ತುಂಬಿದಂಗ ಹಳೇದು ಖಾಲಿ ಆಗತೈತೇನ್ರಿ?"

"ಇಲ್ರಿ. ಅದರಾಗಿಂದು ಅದರಾಗ ಇರತೈತಿ."

ಅವಳ ಕಣ್ಣುಗಳು ಮತ್ತೆ ತುಂಬಿದವು.

"ನಾಳೆ ನಿಮಗೂ ಊಟ ತರತೇನಿ."

"ಡಬ್ಬಿಯೊಳಗ ಏನಿರತೈತ್ರಿ?"

ಅವನು ಯಾರ ಇಮೇಲ್‌ಗಳನ್ನೂ ತೆರೆದು ಓದಿದವನಲ್ಲ, ಸುಮ್ಮನೆ ಕೇಳಿದ್ದ. ಗಂಡ ಹೋದ ಮೇಲೆ ಅವಳನ್ನು ಯಾರೂ ಹೀಗೆ ಕೇಳಿರಲಿಲ್ಲ.

"ಝುಣಕಾ," ಎಂದಳು ಮೆಲ್ಲಗೆ. "ಮುಂಜಾನೆ ಅವರಿಗೂ ಬರೀತೇನಿ. ನಡೀತೈತಲ್ರಿ?"

"ಬರೀರಿ," ಎಂದ ಹೇಮಂತ. "ಜಾಗ ಐತ್ರಿ."