ಪ್ರತಿ ಸಾಲಿಗೊಂದು ಗಂಟು

ನಾಲ್ಕು ಗಂಟೆಗೆ ಕಾಲೇಜಿನಿಂದ ಬಂದ ಮಗಳು ಬಾಗಿಲು ತೆಗೆದಾಗ ಅಮ್ಮ ಕಂಪ್ಯೂಟರಿನ ಮುಂದೆ ಕುಳಿತೇ ಇದ್ದಳು. ತಲೆ ಎದೆಯ ಮೇಲೆ ವಾಲಿತ್ತು. ಮೈ ತಣ್ಣಗಾಗಿತ್ತು. ಮೇಜಿನ ಮೇಲೆ ಅರ್ಧ ಕುಡಿದ ಚಹಾ, ನಿದ್ದೆ ಮಾತ್ರೆಯ ಖಾಲಿ ಸೀಸೆ. ಪರದೆಯ ಮೇಲೆ ನಾಲ್ಕು ಸಾಲು:

ಸಾಕಾಯಿತು.
ಮಗಳು ನಿನ್ನೆ ಆಡಿದ ಮಾತು ತಾಳಲಾರೆ.
ಅವಳನ್ನು ತಂಗಿ ನೋಡಿಕೊಳ್ಳಲಿ.
ಎಲ್ಲರೂ ಕ್ಷಮಿಸಿ.

ಇನ್‌ಸ್ಪೆಕ್ಟರ್ ಬಂದಾಗ ಹುಡುಗಿ ಎರಡೂ ಕೈ ಮುಂದೆ ಚಾಚಿದಳು.

“ಬೇಡಿ ಹಾಕಿ ಮೇಡಂ. ‘ನೀನಿಲ್ಲದಿದ್ರೆ ನನಗೆ ನೆಮ್ಮದಿ’ ಅಂದಿದ್ದೆ. ನಾನೇ ಕೊಂದೆ.”

“ಬಿಡ್ತು ಅನ್ನು ಮಗಳೇ,” ಎಂದು ಅವಳನ್ನು ತಬ್ಬಿಕೊಂಡವಳು ಚಿಕ್ಕಮ್ಮ, ಸತ್ತವಳ ತಂಗಿ. ಇದೇ ಮನೆಯಲ್ಲಿ ಇರುವವಳು. ನ್ಯಾಯಾಲಯದಲ್ಲಿ ಬೆರಳಚ್ಚುಗಾರ್ತಿ. ಅಕ್ಕ ಅದೇ ನ್ಯಾಯಾಲಯಕ್ಕೆ ಅನುವಾದಕಿ. ಬೇರೆ ಭಾಷೆಯ ಸಾಕ್ಷಿಗಳು ಬಂದಾಗ ಅವಳನ್ನು ಕರೆಸುತ್ತಿದ್ದರು.

“ನೀವು ಮಧ್ಯಾಹ್ನ ಮನೆಗೆ ಬಂದಿದ್ರಾ?”

“ಇಲ್ಲ ಮೇಡಂ. ಬೆಳಿಗ್ಗೆ ಚಹಾ ಮಾಡಿ ಫ್ಲಾಸ್ಕಿಗೆ ಹಾಕಿಟ್ಟು ಹೋದೆ. ಆ ಮೆಷಿನ್ ಅಂತೂ ನಾನು ಮುಟ್ಟೋದೇ ಇಲ್ಲ. ಅಕ್ಕನ ಹುಚ್ಚು ಅದು.”

* * *

ಠಾಣೆಯ ಕಂಪ್ಯೂಟರ್ ತಜ್ಞ ಒಂದು ಗಂಟೆ ತಿಣುಕಾಡಿ ಕೈಚೆಲ್ಲಿದ. “ತಲೆಬುಡ ಗೊತ್ತಾಗ್ತಿಲ್ಲ ಮೇಡಂ. ಮೌಸ್ ಇಲ್ಲ, ಚಿತ್ರ ಇಲ್ಲ, ಫೈಲೇ ಇಲ್ಲ. ಯಾರೋ ನಾಲ್ಕು ಜನ ಹಟ ಹಿಡಿದು ಮಾಡಿಕೊಂಡಿರೋ ವ್ಯವಸ್ಥೆ.”

“ಹಾಗಾದ್ರೆ ಕಲೀತೀನಿ.”

“ಈ ವಯಸ್ಸಲ್ಲಾ?” ಎಂದವನು ನಾಲಗೆ ಕಚ್ಚಿಕೊಂಡ.

ಕಲಿಸಲು ಇದ್ದವಳು ಮಗಳು ಒಬ್ಬಳೇ. ಅವಳು ಅಕ್ಷರ ತಿದ್ದಿದ್ದೇ ಆ ಯಂತ್ರದಲ್ಲಿ. ಅವಳಿಗೆ ಊಟ ಸೇರುತ್ತಿರಲಿಲ್ಲ, ಕಣ್ಣು ಗುಳಿಬಿದ್ದಿತ್ತು. ತಾಯಿಯನ್ನು ಕೊಂದವಳೆಂದು ತನಗೆ ತಾನೇ ತೀರ್ಪು ಕೊಟ್ಟುಕೊಂಡ ಹುಡುಗಿಯನ್ನು ಹಾಗೇ ಬಿಟ್ಟರೆ ಇನ್ನೊಂದು ಹೆಣ ಎತ್ತಬೇಕಾದೀತೆಂದು ಇನ್‌ಸ್ಪೆಕ್ಟರಿಗೆ ಅನ್ನಿಸಿತು. ಅದನ್ನು ಅವರು ಯಾರಿಗೂ ಹೇಳಲಿಲ್ಲ. ದಿನಾ ಮಧ್ಯಾಹ್ನ ಬಂದು ಅವಳ ಪಕ್ಕದಲ್ಲಿ ಕುಳಿತರು.

“ಹೊಸ ಫೈಲ್ ಹೇಗೆ ತೆರೆಯೋದು?”

“ಫೈಲ್ ಇಲ್ಲ. ಇರೋದು ಒಂದೇ ಹಾಳೆ. ಮೇಲೆ ಹೋದ್ರೆ ನಿನ್ನೆ. ಇನ್ನೂ ಮೇಲೆ ಹೋದ್ರೆ ಹೋದ ವರ್ಷ.”

“ಬರೆದದ್ದನ್ನ ಉಳಿಸೋದು?”

“ಅದೂ ಇಲ್ಲ. ಬರೆದ ತಕ್ಷಣ ಉಳಿದುಬಿಡತ್ತೆ.”

“ಅಳಿಸಿದ್ದು?”

“ಕೆಳಗೆ ಇಳಿಯತ್ತೆ. ಹೋಗಲ್ಲ. ಆದ್ರೆ ನಾವು ತೆಗೀತಿರಲಿಲ್ಲ. ಒಬ್ಬರು ಅಳಿಸಿದ್ದನ್ನ ಇನ್ನೊಬ್ಬರು ಓದೋದು ಕದ್ದು ಕೇಳಿದ ಹಾಗೆ ಅಂತ ಅಮ್ಮ ಅಂತಿದ್ಲು.”

“ಈಗ ತೆಗೆದು ನೋಡೋಣ್ವಾ?”

“ಬೇಡ!” ಅವಳು ಕೀಲಿಮಣೆಯಿಂದ ಕೈ ಹಿಂದಕ್ಕೆಳೆದುಕೊಂಡಳು. “ಇಷ್ಟೇ ಬರೆದಿದಾಳೆ. ನನ್ನ ಬಗ್ಗೆ ಅಳಿಸಿದ್ದು ಇನ್ನೆಷ್ಟಿದೆಯೋ.”

ಇನ್‌ಸ್ಪೆಕ್ಟರ್ ಒತ್ತಾಯಿಸಲಿಲ್ಲ. ಅಂಚಿನತ್ತ ಬೆರಳು ತೋರಿದರು. ಪತ್ರದ ಪ್ರತಿ ಸಾಲಿನ ಪಕ್ಕವೂ ಒಂದು ಪುಟ್ಟ ಕಪ್ಪು ಚುಕ್ಕೆ.

“ಗಂಟು. ಮತ್ತೆ ಬಂದು ನೋಡಬೇಕಾದ ಕಡೆ ಹಾಕೋದು. ಅನುಮಾನದ ಪದ ಸಿಕ್ಕಾಗ ಅಮ್ಮ ಹಾಕ್ತಿದ್ಲು. ತಿಂಗಳಿಗೆ ಒಂದೋ ಎರಡೋ.”

ಸಾಯುವವಳು ಮತ್ತೆ ಬಂದು ನೋಡುವುದೇನು? ಮಗಳಿಗೆ ಏನೋ ಗುಟ್ಟು ತಿಳಿಸಿದ್ದಾಳೆಂದು ಇಬ್ಬರೂ ಎರಡು ದಿನ ಹಳೆಯ ಗಂಟುಗಳನ್ನೆಲ್ಲ ಜಾಲಾಡಿದರು. ಏನೂ ಸಿಗಲಿಲ್ಲ.

ಮೂರನೆಯ ದಿನ ಇನ್‌ಸ್ಪೆಕ್ಟರ್ ತಮ್ಮ ಕೈಯಾರೆ ಒಂದು ಪುಟ ಬರೆದರು. ಮುಗಿಸಿ ನೋಡಿದರೆ ಅಂಚಿನಲ್ಲಿ ಆರು ಚುಕ್ಕೆ.

“ಇದೇನು? ನಾನೇನೂ ಗಂಟು ಹಾಕಲಿಲ್ಲ.”

ಅಷ್ಟು ದಿನದಲ್ಲಿ ಮೊದಲ ಸಲ ಹುಡುಗಿ ನಕ್ಕಳು. “ಹಾಕಿದ್ರಿ. ನಿಮ್ಮ ಎಡಗೈ ನೋಡಿಕೊಳ್ಳಿ.”

ನೋಡಿಕೊಂಡರು. ಎರಡು ಬೆರಳು ಎರಡು ಕೀಲಿಗಳ ಮೇಲೆ ಒಟ್ಟಿಗೆ ಕುಳಿತಿದ್ದವು. ಬೇರೆ ಯಾವ ಕಂಪ್ಯೂಟರಿನಲ್ಲಾದರೂ ಬರೆದದ್ದನ್ನು ಉಳಿಸಲು ಒತ್ತುವ ಕೀಲಿಗಳು, ಇಲ್ಲಿ ಗಂಟು ಹಾಕುವ ಕೀಲಿಗಳು. ಇಪ್ಪತ್ತು ವರ್ಷದ ರೂಢಿ. ಇನ್‌ಸ್ಪೆಕ್ಟರ್ ಮೇಲೆ ಸರಿದು ಪತ್ರದ ನಾಲ್ಕು ಚುಕ್ಕೆಗಳನ್ನು ಮತ್ತೆ ಎಣಿಸಿದರು.

* * *

ಮರುದಿನ ಅವರು ನ್ಯಾಯಾಲಯದ ಹಿಂದಿನ ಬೆಂಚಿನಲ್ಲಿ ಕುಳಿತರು. ನ್ಯಾಯಾಧೀಶರು ಒಂದು ವಾಕ್ಯ ಹೇಳಿದರು. ಚಿಕ್ಕಮ್ಮ ಟೈಪ್ ಮಾಡಿದಳು. ಎಡಗೈಯ ಎರಡು ಬೆರಳು ಕೆಳಗಿಳಿದವು. ಇನ್ನೊಂದು ವಾಕ್ಯ. ಮತ್ತೆ ಎರಡು ಬೆರಳು. ಒಂದೇ ಪದದ ವಾಕ್ಯಕ್ಕೂ ಬಿಡಲಿಲ್ಲ.

“ಪಾಪ, ಒಮ್ಮೆ ಕರೆಂಟ್ ಹೋಗಿ ಇಡೀ ದಿನದ ಸಾಕ್ಷಿ ಮಾಯವಾಯ್ತು,” ಎಂದ ಜವಾನ. “ಅವತ್ತಿಂದ ಹೀಗೇ. ಊಟದ ಬಿಡುವಿಗೆ ಮನೆಗೆ ಹೋದ್ರೂ ಆ ಬೆರಳು ಆಡ್ತಾನೇ ಇರತ್ತೇನೋ.”

“ದಿನಾ ಮನೆಗೆ ಹೋಗ್ತಾರಾ?”

“ದಿನಾ ಇಲ್ಲ. ಅವರಕ್ಕ ತೀರಿಹೋದರಲ್ಲ, ಅವತ್ತು ಹೋಗಿದ್ರು.”

* * *

ಸಂಜೆ ಮೂವರೂ ಕಂಪ್ಯೂಟರಿನ ಕೋಣೆಯಲ್ಲಿದ್ದರು. ಚಿಕ್ಕಮ್ಮ ಬಾಗಿಲಿಗೆ ಒರಗಿ ನಿಂತಿದ್ದಳು.

“ಈ ಪತ್ರ ಬರೆದವರಿಗೆ ಈ ಯಂತ್ರ ಹೊಸದು,” ಎಂದರು ಇನ್‌ಸ್ಪೆಕ್ಟರ್. “ನಿಮ್ಮಕ್ಕ ಇಲ್ಲಿ ಉಳಿಸೋ ಕೀಲಿ ಒತ್ತೋದನ್ನ ಮರೆತು ಎಷ್ಟೋ ವರ್ಷ ಆಗಿತ್ತು. ಮಗಳಿಗೆ ಆ ಅಭ್ಯಾಸವೇ ಇಲ್ಲ. ನಾನೂ ಹೊಸಬಳೇ, ಆದ್ರೂ ಪುಟಕ್ಕೆ ಆರೇ ಸಲ ಒತ್ತಿದೆ. ಪ್ರತಿ ವಾಕ್ಯಕ್ಕೂ ಒತ್ತೋರು ಈ ಮನೇಲಿ ಒಬ್ಬರೇ.”

“ಚುಕ್ಕೆ ನೋಡಿ ಗಲ್ಲಿಗೆ ಹಾಕ್ತೀರಾ?”

ಇನ್‌ಸ್ಪೆಕ್ಟರ್ ಹುಡುಗಿಯತ್ತ ತಿರುಗಿದರು. “ಕೆಳಗಿರೋದನ್ನ ತೆಗಿ ಮಗು. ಅದನ್ನ ಅಳಿಸಿದ್ದು ನಿನ್ನ ಅಮ್ಮ ಅಲ್ಲ.”

ಹುಡುಗಿ ಕುರ್ಚಿ ಎಳೆದುಕೊಂಡು ಕುಳಿತಳು. ಅಳಿಸಿದ್ದನ್ನು ಮೇಲೆತ್ತುವ ಕೀಲಿ ಒತ್ತಿದಳು.

ಮೊದಲು ಮೇಲೆದ್ದದ್ದು ಒಂದೇ ಸಾಲು. ‘ಒಂಟಿತನ ತಾಳಲಾರೆ.’ ಬರೆದು, ಗಂಟು ಬಿದ್ದು, ಅಳಿಸಿದ ಸಾಲು. ಮಗಳ ಮಾತು ಅದರ ಜಾಗಕ್ಕೆ ಬಂದಿತ್ತು.

ಅದರ ಕೆಳಗೆ ನ್ಯಾಯಾಧೀಶರಿಗೆ ಬರೆದ ಒಂದು ಉದ್ದನೆಯ ಪತ್ರ. ಅಂಚಿನಲ್ಲಿ ಒಂದು ಚುಕ್ಕೆಯೂ ಇಲ್ಲ. ‘ಸಾಕ್ಷಿ ಹೆಂಗಸು ಆರೋಪಿಯನ್ನು “ಕಂಡೆ” ಎಂದಿದ್ದಳು, ನಾನೇ ಅನುವಾದಿಸಿದೆ. ದಾಖಲೆಯಲ್ಲಿ “ಕಾಣಲಿಲ್ಲ” ಎಂದಿದೆ. ಟೈಪ್ ಮಾಡಿದವಳು ನನ್ನ ತಂಗಿ.’

ಚಿಕ್ಕಮ್ಮ ಮೆಲ್ಲನೆ ನೆಲದ ಮೇಲೆ ಕುಳಿತಳು.

“ನಲವತ್ತು ದಾಟಿದ ಮೇಲೆ ಒಬ್ಬ ನನ್ನನ್ನ ಮದುವೆ ಆಗ್ತೀನಿ ಅಂದ. ಅವನ ಮೇಲಿನ ಕೇಸು ಅದು. ಅಕ್ಕನ ಕಾಲು ಹಿಡಿದೆ. ಪತ್ರ ಕಳಿಸೇ ಕಳಿಸ್ತೀನಿ ಅಂದ್ಲು. ಬೆಳಿಗ್ಗೆ ಫ್ಲಾಸ್ಕಿಗೆ ಮಾತ್ರೆ ಹಾಕಿದೆ. ಮಧ್ಯಾಹ್ನ ಬಂದು ಪತ್ರ ಅಳಿಸಿದೆ. ಹೋಯ್ತು ಅಂದುಕೊಂಡೆ.”

“ಒಂಟಿತನ ಅಂತ ಬರೆದವರು ಬದಲಾಯಿಸಿದ್ದು ಯಾಕೆ?”

“ಅಕ್ಕ ಒಂಟಿ ಅಂದ್ರೆ ಯಾರು ನಂಬ್ತಾರೆ? ಅಮ್ಮ-ಮಗಳ ಜಗಳ ಇಡೀ ಬಿಲ್ಡಿಂಗಿಗೇ ಕೇಳಿಸಿತ್ತು.” ಅವಳು ಹುಡುಗಿಯತ್ತ ನೋಡಿದಳು. “ನೀನಿನ್ನೂ ಚಿಕ್ಕವಳು. ಮರೀತೀಯ ಅಂದುಕೊಂಡೆ ಕಣೇ.”

ಹುಡುಗಿಯ ದನಿ ಏರಲಿಲ್ಲ.

“ನಾನೇ ಕೊಂದೆ ಅಂತ ದಿನಾ ನಿನ್ನ ಮಡಿಲಲ್ಲೇ ಅತ್ತೆನಲ್ಲ ಚಿಕ್ಕಮ್ಮ. ಅಳು, ಅಳು ಅಂತ ನೀನು ತಲೆ ಸವರ್ತಿದ್ದೆ.”

ಹೊರಗೆ ಕಾದಿದ್ದ ಪೇದೆಗಳು ಚಿಕ್ಕಮ್ಮನನ್ನು ಎಬ್ಬಿಸಿ ಕರೆದೊಯ್ದರು. ಮೆಟ್ಟಿಲ ಮೇಲೆ ಹೆಜ್ಜೆ ಸದ್ದು ಪೂರ್ತಿ ಅಡಗಿದ ಮೇಲೆ ಹುಡುಗಿ ತಾಯಿಯ ಕುರ್ಚಿಯ ಹಿಡಿಕೆಯನ್ನು ಎರಡೂ ಕೈಯಲ್ಲಿ ಹಿಡಿದು ಅತ್ತಳು. ಇಷ್ಟು ದಿನ ತನ್ನ ತಪ್ಪಿಗಾಗಿ ಅತ್ತಿದ್ದವಳು, ಅಮ್ಮನಿಗಾಗಿ ಅತ್ತದ್ದು ಅದೇ ಮೊದಲು.